ಕಳಿಸಿದ್ದು ಎಲ್ಲಿ ಉಳೀತು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಬಂದ ಪ್ರಶ್ನೆ ಓದಕೋತ ಕುಂತ್ರ ಹೆಚ್ಚಿನವು ಒಂದ ಕಡೆ ಬಂದು ನಿಲ್ಲತಾವ. ಇವೆಂಟ್ ಲೂಪ್ (ಯಾವ ಕನೆಕ್ಷನ್ ತಯಾರೈತಿ ಅಂತ ನೋಡಕೋತ ಒಂದ ಸುತ್ತಿನ್ಯಾಗ ಎಲ್ಲಾನೂ ನಡಸೋ ಪದ್ಧತಿ) ಇಟ್ಕೊಂಡು ಬರದ ಪ್ರೋಗ್ರಾಂ, ಓದೋ ಕಡೆ ಚಲೋ ನಡದೈತಿ, ಬರಿಯೋ ಕಡೆ ತ್ರಾಸು. ಇದಕ್ಕ ಕಾರಣಾನೂ ಐತ್ರಿ. ನಮ್ಮ ಲ್ಯಾಪ್‌ಟಾಪ್‌ನ್ಯಾಗ ನಾವ ಸರ್ವರ್ ನಾವ ಕ್ಲೈಂಟ್ ಆಗಿ ಟೆಸ್ಟ್ ಮಾಡಿದಾಗ ಆ ಕಡೆ ಓದೋದು ಅಗ್ದಿ ಲಗೂ ಇರತೈತಿ, ಕರ್ನಲ್ ಬಫರ್ (ಕಳಿಸೋ ಡೇಟಾನ ಆಪರೇಟಿಂಗ್ ಸಿಸ್ಟಂ ತಾತ್ಪೂರ್ತಿಕ ಇಟ್ಕೊಳ್ಳೋ ಜಾಗ) ತುಂಬೋ ಪ್ರಸಂಗನ ಬರಂಗಿಲ್ಲ, ರೈಟ್ ಅಂದ್ರ ಹೋತು ಅಂತ ರೂಢಿ ಬಿದ್ದು ಬಿಡತೈತಿ. ಅದ ಪ್ರೋಗ್ರಾಂ ಊರಾಗಿನ ಮೊಬೈಲ್ ನೆಟ್‌ವರ್ಕ್ ಮ್ಯಾಲ ಹಾಕಿದ ದಿನ ಬಣ್ಣ ಬಯಲಾಗತೈತಿ. ಹಿಂಗಾಗಿ ಈ ಸಂಚಿಕೆದ ಅಂಕಣ ಪೂರ್ತಿ ಇದ ವಿಷಯಕ್ಕ ಕೊಟ್ಟೀನಿ.

ಪ್ರಶ್ನೆ (ಮುಧೋಳ): ನಮಸ್ಕಾರ್ರಿ ಸರ. ಕಬ್ಬಿನ ತೂಕದ ಕಾಟಾದಿಂದ ಬರೋ ಲೆಕ್ಕಾನ ಆಫೀಸಿನ ನಾಲ್ಕೈದು ಕಂಪ್ಯೂಟರ್‌ಗೆ ಕಳಿಸೋ ಒಂದು ಸಣ್ಣ ಸರ್ವರ್ ಸಿ ಭಾಷೆದಾಗ ಇಪೋಲ್ (ಯಾವ ಸಾಕೆಟ್ ತಯಾರೈತಿ ಅಂತ ಹೇಳೋ ಲಿನಕ್ಸ್ ಸೌಲಭ್ಯ) ಹಾಕಿ ಬರದೀನ್ರಿ. ಸಾಕೆಟ್ ಎಲ್ಲಾ ನಾನ್‌ಬ್ಲಾಕಿಂಗ್ (ಕೆಲಸ ಆಗದಿದ್ರ ಕಾಯದ ವಾಪಸ್ ಬರೋವು) ಅದಾವ. ಒಂದೊಂದ ಚೀಟಿ ಕಳಿಸಿದ್ರ ಬರೋಬ್ಬರಿ ಮುಟ್ಟತೈತಿ, ದಿನದ ಪೂರ್ತಿ ಪಟ್ಟಿ ಕೇಳಿದ್ರ ಮಾತ್ರ ಕೆಲವೊಮ್ಮೆ ಅರ್ಧಕ್ಕ ನಿಲ್ಲತೈತಿ. ಎರರ್ ಏನೂ ಬರಂಗಿಲ್ಲ. ಯಾಕ್ರಿ?

ಉತ್ತರ: ಎರರ್ ಬರಂಗಿಲ್ಲ ಯಾಕಂದ್ರ ಅಲ್ಲಿ ಎರರ್ ಆಗೇ ಇಲ್ಲ. ಸೆಂಡ್ ಕರೆದಾಗ ಅದು ಒಂದು ಸಂಖ್ಯೆ ವಾಪಸ್ ಕೊಡತೈತಿ ನೋಡ್ರಿ, ನಿಮ್ಮ ಕೋಡ್‌ನ್ಯಾಗ ಅದನ್ನ ಮೈನಸ್ ಒಂದು ಐತೋ ಇಲ್ಲೋ ಅಂತ ಅಷ್ಟ ನೋಡೀರಿ ಅಂತ ನನ್ನ ಅಂದಾಜು. ಆ ಸಂಖ್ಯೆ ಹೇಳೋದು ಕರ್ನಲ್ ಎಷ್ಟು ಬೈಟ್ ತನ್ನ ಬಫರ್‌ಗೆ ತಗೊಂಡ್ತು ಅನ್ನೋದು. ಪಟ್ಟಿ ಮೂರು ಲಕ್ಷ ಬೈಟ್ ಇದ್ದು ಅದು 87,000 ಅಂತ ಕೊಟ್ರ, ಉಳಿದ 2,13,000 ಬೈಟ್ ಇನ್ನೂ ನಿಮ್ಮ ಕೈಯಾಗ ಐತಿ, ಅದನ್ನ ಜ್ವಾಕಿ ಮಾಡೋದು ನಿಮ್ಮ ಕೆಲಸ. ಲಿನಕ್ಸ್‌ನ್ಯಾಗ ಟಿಸಿಪಿ ಕಳಿಸೋ ಬಫರ್ ಸಾಮಾನ್ಯವಾಗಿ 16 ಕೆಬಿಯಿಂದ ಶುರು ಆಗಿ ಬೇಕಾದಂಗ ತಾನ ಬೆಳೀತೈತಿ, ಡೀಫಾಲ್ಟ್ ಮಿತಿ 4 ಎಂಬಿ ತನಕ. ಆದ್ರ ಈ ಕ್ಷಣಕ್ಕ ಎಷ್ಟು ಜಾಗ ಐತಿ ಅನ್ನೋದು ಆ ಕಡೆಯವ್ರು ಎಷ್ಟು ಲಗೂ ಓದಾಕತ್ತಾರ, ನಡುವಿನ ನೆಟ್‌ವರ್ಕ್ ಹೆಂಗೈತಿ ಅನ್ನೋದರ ಮ್ಯಾಲ ಹೋಗತೈತಿ, ನೀವು ಮೊದಲ ಲೆಕ್ಕ ಹಾಕಾಕ ಬರಂಗಿಲ್ಲ. ಸಣ್ಣ ಚೀಟಿ ಹೆಚ್ಚಿನ ಸಲ ಹಿಡೀತೈತಿ, ಅದಕ್ಕ ಅದು ಮುಟ್ಟತೈತಿ.

ಈಗ ಏನು ಮಾಡಬೇಕು ಅಂದ್ರ, ಪ್ರತಿ ಕನೆಕ್ಷನ್‌ಗೂ ನಿಮ್ಮದ ಒಂದು ಔಟ್‌ಪುಟ್ ಬಫರ್ ಇಡ್ರಿ. ಬಫರ್ ಖಾಲಿ ಇದ್ರ ಮೊದಲು ಸೀದಾ ಸೆಂಡ್ ಮಾಡಿ ನೋಡ್ರಿ, ಹೆಚ್ಚಿನ ಸಲ ಒಂದ ಏಟಿಗೆ ಪೂರ್ತಿ ಹೋಗತೈತಿ, ಆಗ ಇಪೋಲ್ ಕಡೆ ಹೋಗೋ ಕೆಲಸನ ಇಲ್ಲ. ಉಳೀತು ಅಂದ್ರ, ಇಲ್ಲಾ ಇ-ಅಗೇನ್ (ಈಗ ಜಾಗ ಇಲ್ಲ, ಆಮ್ಯಾಲ ನೋಡು ಅನ್ನೋ ಎರರ್ ಕೋಡ್) ಬಂತು ಅಂದ್ರ, ಉಳಿದದ್ದನ್ನ ಬಫರ್‌ಗೆ ಹಾಕಿ ಇಪೋಲ್‌ಗೆ ಈ ಸಾಕೆಟ್ ಬರಿಯಾಕ ತಯಾರಾದಾಗ ಹೇಳು ಅಂತ ಇಪೋಲ್‌ಔಟ್ ಹಚ್ರಿ. ಅದು ಹೇಳಿದ ಮ್ಯಾಲ ಮತ್ತ ಸೆಂಡ್, ಮತ್ತ ಉಳೀತಂದ್ರ ಮತ್ತ ಕಾಯೋದು, ಪೂರ್ತಿ ಖಾಲಿ ಆದ ಕೂಡ್ಲೇ ಇಪೋಲ್‌ಔಟ್ ತಗದು ಬಿಡೋದು. ರೆಡಿಸ್ ಅನ್ನೋ ಡೇಟಾಬೇಸ್ ಸರ್ವರ್ ಮಾಡೋದೂ ಇದ: ಲೂಪ್ ಹೊಳ್ಳಿ ಕಾಯಾಕ ಹೋಗೋ ಮುಂಚೆ ಒಮ್ಮೆ ಬರದು ನೋಡತೈತಿ, ಉಳಿದ್ರ ಅಷ್ಟ ರೈಟ್ ಹ್ಯಾಂಡ್ಲರ್ ಹಚ್ಚತೈತಿ.

ಇದರಾಗ ಎಲ್ಲಾರೂ ಎಡವೋ ಜಾಗ ಒಂದು ಐತಿ, ಅದನ್ನ ಸ್ವಲ್ಪ ನಿಂತು ನೋಡ್ರಿ. ಪಟ್ಟಿದ ಬಾಲ ಬಫರ್‌ನ್ಯಾಗ ಕುಂತೈತಿ, ಅಷ್ಟರಾಗ ಕಾಟಾದ ಮ್ಯಾಲ ಹೊಸ ಟ್ರ್ಯಾಕ್ಟರ್ ಹತ್ತಿ ಅದರ ತೂಕ ಬಂತು, ನಿಮ್ಮ ಕೋಡ್ ಅದನ್ನ ಸೀದಾ ಸೆಂಡ್ ಮಾಡಿತು, ಆ ಹೊತ್ತಿಗೆ ಕರ್ನಲ್‌ನ್ಯಾಗ ಜಾಗ ಖಾಲಿ ಆಗಿತ್ತು, ಹೋತು. ಈಗ ಆಫೀಸಿನ ಕಂಪ್ಯೂಟರ್‌ಗೆ ಒಬ್ಬ ರೈತನ ಹೆಸರು ಅರ್ಧ ಬಂದು ಅದರ ನಡುವ ಇನ್ನೊಬ್ಬನ ತೂಕ ಬಂದು ಕುಂತಿರತೈತಿ. ಇದು ಅರ್ಧ ಪಟ್ಟಿಗಿಂತ ಕೆಟ್ಟದ್ದು, ಯಾಕಂದ್ರ ಅರ್ಧ ಪಟ್ಟಿ ಆದ್ರ ಗೊತ್ತಾಗತೈತಿ, ಲೆಕ್ಕ ಅದಲು ಬದಲು ಆದ್ರ ಬಿಲ್ ಆಗೋತನಕ ಯಾರಿಗೂ ಗೊತ್ತಾಗಂಗಿಲ್ಲ. ಅದಕ್ಕ ಬಫರ್‌ನ್ಯಾಗ ಒಂದ ಬೈಟ್ ಉಳಿದಿದ್ರೂ ಹೊಸದು ಅದರ ಬೆನ್ನಿಗೇ ಹೋಗಬೇಕು, ಸೀದಾ ಹೋಗಂಗಿಲ್ಲ. ನನ್ನ ಸಲಹೆ, ಇಡೀ ಪ್ರೋಗ್ರಾಂನ್ಯಾಗ ಸೆಂಡ್ ಕರಿಯೋ ಫಂಕ್ಷನ್ ಒಂದ ಇರ್ಲಿ, ಉಳಿದವ್ರೆಲ್ಲಾ ಅದರ ಮೂಲಕನ ಹೋಗ್ಲಿ, ಬ್ಯಾರೆ ಎಲ್ಲಿ ಸೆಂಡ್ ಕಂಡ್ರೂ ತಗದ ಬಿಡ್ರಿ.

ಇನ್ನೊಂದು ಸಣ್ಣ ಮಾತು. ಅಷ್ಟು ಹೋತು ಇಷ್ಟು ಹೋತು ಅಂತ ಪ್ರತಿ ಸಲ ಉಳಿದ ಡೇಟಾನ ಮುಂದಕ್ಕ ಎಳದು ಕಾಪಿ ಮಾಡಬ್ಯಾಡ್ರಿ. ಎಲ್ಲಿತನಕ ಹೋಗೈತಿ ಅನ್ನೋ ಒಂದು ಅಂಕಿ ಇಟ್ಕೋರಿ, ಅಷ್ಟ ಸಾಕು. ನಿಧಾನದ ಕ್ಲೈಂಟ್‌ಗೆ ಎಂಟತ್ತು ಎಂಬಿ ಕಳಿಸೋವಾಗ ಈ ಕಾಪಿನ ಸಿಪಿಯು ತಿಂದು ಹಾಕತೈತಿ.

ಪ್ರಶ್ನೆ (ಜಮಖಂಡಿ): ಕನೆಕ್ಷನ್ ಬಂದ ಕೂಡ್ಲೇ ಓದೋದು ಬರಿಯೋದು ಎರಡಕ್ಕೂ ಇಪೋಲ್‌ನ್ಯಾಗ ಹೆಸರು ಹಚ್ಚೀನ್ರಿ. ಒಬ್ಬನ ಕ್ಲೈಂಟ್ ಇದ್ರೂ, ಸುಮ್ನ ಕುಂತಿದ್ರೂ, ಸಿಪಿಯು ನೂರಕ್ಕ ನೂರು ಓಡತೈತಿ. ಫ್ಯಾನ್ ಸಪ್ಪಳಕ್ಕ ಕೂಡಾಕ ಆಗಂಗಿಲ್ಲ.

ಉತ್ತರ: ಸುಮ್ನ ಕುಂತ ಸಾಕೆಟ್ ಯಾವಾಗ್ಲೂ ಬರಿಯಾಕ ತಯಾರ ಇರತೈತ್ರಿ. ನೀವು ತಯಾರೇನು ಅಂತ ಕೇಳಾಕತ್ತೀರಿ, ಅದು ಹೌದು ಅನ್ನಾಕತ್ತೈತಿ, ಲೂಪ್ ನಿಲ್ಲದ ತಿರುಗಾಕತ್ತೈತಿ. ಮ್ಯಾಲಿನ ಉತ್ತರದಾಗ ಹೇಳಿದಂಗ ಕಳಿಸೋದು ಬಾಕಿ ಇದ್ದಾಗ ಅಷ್ಟ ಇಪೋಲ್‌ಔಟ್ ಹಚ್ರಿ, ಮುಗೀತಂದ್ರ ತಗೀರಿ. ಎಡ್ಜ್ ಟ್ರಿಗರ್ (ಸ್ಥಿತಿ ಬದಲಾದಾಗ ಅಷ್ಟ ಇವೆಂಟ್ ಕೊಡೋ ರೀತಿ) ಹಾಕಿದ್ರ ಇದು ಹೋಗತೈತಿ ಅಂತ ಯಾರರೆ ಹೇಳಬಹುದು. ಹೋಗತೈತಿ ಖರೇ, ಆದ್ರ ಎಡ್ಜ್ ಟ್ರಿಗರ್‌ನ್ಯಾಗ ಇ-ಅಗೇನ್ ಬರೋತನಕ ನೀವು ಬರಕೋತನ ಇರಬೇಕು, ನಡುವ ನಿಲ್ಲಿಸಿದ್ರ ಮುಂದ ಇವೆಂಟ್ ಬರೋದ ಇಲ್ಲ, ಕನೆಕ್ಷನ್ ಹಂಗ ಗಪ್ಪನ ಕುಂತು ಬಿಡತೈತಿ. ಹೊಸದಾಗಿ ಕಲಿಯೋರು ಲೆವೆಲ್ ಟ್ರಿಗರ್‌ನ್ಯಾಗ (ತಯಾರ ಇರೋತನಕ ಹೇಳಕೋತನ ಇರೋ ಡೀಫಾಲ್ಟ್ ರೀತಿ) ಇರೋದು ಚಲೋ.

ಪ್ರಶ್ನೆ (ಬೆಳಗಾವಿ, ಇಂಜಿನಿಯರಿಂಗ್ ವಿದ್ಯಾರ್ಥಿನಿ): ಅಣ್ಣಾರ, ಕಾಲೇಜ್ ಪ್ರಾಜೆಕ್ಟಿಗೆ ಪೈಥಾನ್‌ನ್ಯಾಗ ಚಾಟ್ ಸರ್ವರ್ ಮಾಡೀನಿ. ಸೆಂಡ್ ಎಷ್ಟು ಕಳಿಸ್ತು ಅಂತ ನೋಡಿ ಅಷ್ಟು ಕತ್ತರಿಸಿ ಉಳಿದದ್ದು ಮತ್ತ ಕಳಸ್ತೀನಿ. ಇಂಗ್ಲಿಷ್ ಮೆಸೇಜ್ ಎಷ್ಟು ದೊಡ್ಡದಿದ್ರೂ ಪೂರ್ತಿ ಹೋಗತೈತಿ, ಕನ್ನಡ ಮೆಸೇಜ್ ದೊಡ್ಡದಾದ್ರ ಕಡೀದು ಕಡೀದು ಹೋಗತೈತಿ. ಪೈಥಾನ್‌ಗೆ ಕನ್ನಡ ಬರಂಗಿಲ್ಲೇನು?

ಉತ್ತರ: ಪೈಥಾನ್‌ಗೆ ಕನ್ನಡ ಚಲೋ ಬರತೈತಿ ತಂಗಿ. ನೀ ಕತ್ತರಿಸೋ ಜಾಗದಾಗ ತಪ್ಪೈತಿ. ಬೆಳಗಾವಿ ಅನ್ನೋ ಶಬ್ದಾನ ತಗೋ. ಪೈಥಾನ್ ಸ್ಟ್ರಿಂಗ್ ಆಗಿ ಅದರ ಉದ್ದ 7, ಒತ್ತು ಗುಣಿತದ ಚಿಹ್ನೆನೂ ಬ್ಯಾರೆ ಬ್ಯಾರೆ ಎಣಿಸಿ. ಯುಟಿಎಫ್-8 ಮಾಡಿದ್ರ ಒಂದೊಂದಕ್ಕೂ 3 ಬೈಟ್, ಒಟ್ಟು 21. ನೀ ಕಳಿಸೋವಾಗ ಎನ್‌ಕೋಡ್ ಮಾಡಿ ಬೈಟ್ ಕಳಸ್ತಿ, ಸೆಂಡ್ 9 ಅಂತ ವಾಪಸ್ ಕೊಡತೈತಿ, ಅಂದ್ರ "ಬೆಳ" ಅಷ್ಟ ಹೋಗೈತಿ. ಆದ್ರ ನೀ ಎನ್‌ಕೋಡ್ ಮಾಡದ ಮೂಲ ಸ್ಟ್ರಿಂಗ್‌ನಿಂದ 9 ಅಕ್ಷರ ಕತ್ತರಿಸ್ತಿ, ಇರೋದ 7, ಉಳಿದದ್ದು ಖಾಲಿ. ಪ್ರೋಗ್ರಾಂ ಎಲ್ಲಾ ಹೋತು ಅಂತ ತಿಳಕೊಂಡು ಮುಂದ ಹೋಗತೈತಿ, "ಗಾವಿ" ಎಲ್ಲೂ ಇಲ್ಲ. ಇಂಗ್ಲಿಷ್‌ನ್ಯಾಗ ಒಂದಕ್ಷರಕ್ಕ ಒಂದ ಬೈಟ್, ಅದಕ್ಕ ಈ ತಪ್ಪು ಅಲ್ಲಿ ಮುಚ್ಚಿ ಹೋಗತೈತಿ.

ಔಟ್‌ಪುಟ್ ಬಫರ್ ಅನ್ನೋದು ಯಾವಾಗ್ಲೂ ಬೈಟ್‌ದ್ದ ಇರ್ಲಿ. ಮೆಸೇಜ್ ಬಂದ ಕೂಡ್ಲೇ ಒಮ್ಮೆ ಎನ್‌ಕೋಡ್ ಮಾಡು, ಬೈಟ್‌ಅರೇಗೆ ಹಾಕು, ಅಲ್ಲಿಂದ ಮುಂದ ಎಲ್ಲಾ ಲೆಕ್ಕ ಬೈಟ್‌ನ್ಯಾಗ. ಓದೋ ಕಡೆನೂ ಇದ ಜ್ವಾಕಿ ಬೇಕು, ಯಾಕಂದ್ರ ಸೆಂಡ್ 10 ಅಂತ ಕೊಟ್ರ ಗ ಅಕ್ಷರದ ಮೂರು ಬೈಟ್‌ನ್ಯಾಗ ಒಂದು ಅಷ್ಟ ಹೋಗಿರತೈತಿ, ಆ ಕಡೆ ಬಂದಷ್ಟನ್ನ ಹಂಗ ಡಿಕೋಡ್ ಮಾಡಿದ್ರ ಎರರ್. ಒಂದೊಂದು ಮೆಸೇಜ್ ಕೊನಿಗೆ ಹೊಸ ಸಾಲಿನ ಗುರುತು ಇಟ್ರ, ಆ ಗುರುತು ಬರೋತನಕ ಬೈಟ್ ಕೂಡಿಟ್ಟು ಆಮ್ಯಾಲ ಡಿಕೋಡ್ ಮಾಡು. ಹೊಸ ಸಾಲಿನ ಬೈಟ್ ಯುಟಿಎಫ್-8 ಒಳಗ ಕನ್ನಡ ಅಕ್ಷರದ ಹೊಟ್ಯಾಗ ಎಂದೂ ಬರಂಗಿಲ್ಲ, ಅದನ್ನ ನಂಬಬಹುದು. ಮತ್ತ ನಾನ್‌ಬ್ಲಾಕಿಂಗ್ ಸಾಕೆಟ್ ಮ್ಯಾಲ ಸೆಂಡ್‌ಆಲ್ ಬಳಸಬ್ಯಾಡ. ನಡುವ ಎರರ್ ಬಂದ್ರ ಎಷ್ಟು ಹೋತು ಅಂತ ಅದು ಹೇಳಂಗಿಲ್ಲ, ಮತ್ತ ಎಲ್ಲಿಂದ ಶುರು ಮಾಡಬೇಕು ಅನ್ನೋದ ತಿಳಿಯಂಗಿಲ್ಲ. ಕನ್ನಡ ಮೆಸೇಜ್‌ನಿಂದ ಟೆಸ್ಟ್ ಮಾಡಿದ್ದು ಅಗ್ದಿ ಚಲೋ ಮಾಡೀ. ಇಂಗ್ಲಿಷ್‌ನ್ಯಾಗಷ್ಟ ಮಾಡಿದ್ರ ಈ ತಪ್ಪು ಸಿಗತಿರಲಿಲ್ಲ.

ಪ್ರಶ್ನೆ (ವಿಜಯಪುರ): ಸರ್, ಒಣದ್ರಾಕ್ಷಿ ವ್ಯಾಪಾರಸ್ಥರಿಗೆ ಮೊಬೈಲ್‌ನಾಗ ರೇಟ್ ತೋರ್ಸೋ ಆ್ಯಪ್ ಮಾಡೀವ್ರಿ. ಸರ್ವರ್ ನೋಡ್.ಜೆಎಸ್ ಅದ. ರೇಟ್ ಬದಲಾದಂಗೆಲ್ಲಾ ಎಲ್ಲಾ ಮೊಬೈಲ್‌ಗೂ ರೈಟ್ ಮಾಡ್ತೀವಿ. ಮುಂಜಾನೆ ಚಲೋ ಇರ್ತದ, ಮಧ್ಯಾಹ್ನದ ಮ್ಯಾಲ ಮೆಮೊರಿ ಏರಕೋತ ಏರಕೋತ ಹೋಗಿ ಸಂಜೀಕ ಪ್ರೋಸೆಸ್ ಸಾಯ್ತದ. ಮೆಮೊರಿ ಲೀಕ್ ಹುಡುಕಿ ಹುಡುಕಿ ಸಾಕಾಗ್ಯದ. ಕೋಡ್‌ನಾಗ ಏನೂ ಸಿಗವಲ್ದು.

ಉತ್ತರ: ಲೀಕ್ ಅಲ್ರಿ ಅದು. ನಿಮ್ಮ ಡೇಟಾ ನೀವು ಹೇಳಿದ ಜಾಗದಾಗನ ಐತಿ, ಕಳಿಸೋ ಸರತಿ ಕಾಯಾಕತ್ತೈತಿ.

ನೋಡ್‌ನ್ಯಾಗ ರೈಟ್ ಕರೆದ್ರ ಅದು ಎಂದೂ ಇಲ್ಲ ಅನ್ನಂಗಿಲ್ಲ. ಕರ್ನಲ್ ತಗೊಳ್ಳದ್ದನ್ನ ನಿಮ್ಮ ಪ್ರೋಸೆಸ್ ಮೆಮೊರಿದಾಗ ಇಟ್ಕೋತೈತಿ, ಎಷ್ಟು ಕೊಟ್ರೂ ಇಟ್ಕೋತೈತಿ. ಅದು ಮಾಡೋದು ಇಷ್ಟ: ಒಳಗಿಂದು ಹೈವಾಟರ್‌ಮಾರ್ಕ್ ಅನ್ನೋ ಮಿತಿಯ ಗುರುತು ಮುಟ್ಟಿದಾಗ ರೈಟ್‌ದ ಉತ್ತರ ಫಾಲ್ಸ್ ಅಂತ ಕೊಡತೈತಿ. ಹಳೆ ಆವೃತ್ತಿದಾಗ ಆ ಗುರುತು 16 ಕೆಬಿ ಇತ್ತು, ಆವೃತ್ತಿ 22ರಿಂದ 64 ಕೆಬಿ. ಫಾಲ್ಸ್ ಅಂದ್ರ ಈಗ ತಡೀರಿ ಅಂತ ಅರ್ಥ, ಖಾಲಿ ಆದ ಮ್ಯಾಲ ಡ್ರೇನ್ ಅನ್ನೋ ಇವೆಂಟ್ ಬರತೈತಿ, ಅದು ಬಂದ ಮ್ಯಾಲ ಮುಂದಿಂದು ಕಳಿಸಬೇಕು. ಈ ಫಾಲ್ಸ್‌ನ ನೋಡದ ಕಳಿಸಿದ್ರೂ ಪ್ರೋಗ್ರಾಂ ನಡೀತೈತಿ, ಅದಕ್ಕ ಹೆಚ್ಚಿನವ್ರು ನೋಡೋದ ಇಲ್ಲ.

ಈಗ ನಿಮ್ಮ ವ್ಯಾಪಾರಸ್ಥರೊಬ್ಬರು ಮೊಬೈಲ್ ಕಿಸೇದಾಗ ಇಟ್ಕೊಂಡು ನೆಟ್‌ವರ್ಕ್ ಇಲ್ಲದ ತೋಟಕ್ಕ ಹೋದ್ರು ಅನ್ರಿ. ಕನೆಕ್ಷನ್ ಮುಚ್ಚೇತಿ ಅಂತ ನಿಮ್ಮ ಸರ್ವರ್‌ಗೆ ಹೇಳೋರು ಯಾರೂ ಇಲ್ಲ. ಕರ್ನಲ್ ಮತ್ತ ಮತ್ತ ಕಳಿಸಿ ನೋಡತೈತಿ, ಲಿನಕ್ಸ್ ಡೀಫಾಲ್ಟ್ ಇದ್ರ ಸೋತೆ ಅನ್ನಾಕ ಸುಮಾರು 15 ನಿಮಿಷ ತಗೋತೈತಿ. ಅಷ್ಟೂ ಹೊತ್ತು ಆ ಒಬ್ಬರ ಹೆಸರಿಗೆ ಪ್ರತಿ ರೇಟ್ ಕೂಡತಾನ ಇರತೈತಿ. ನೆಟ್‌ವರ್ಕ್ ಪೂರ್ತಿ ಹೋಗದ ಸಣ್ಣಗ ಇದ್ರ ಇನ್ನೂ ತ್ರಾಸು, ಆ ಕನೆಕ್ಷನ್ ಸಾಯಂಗೂ ಇಲ್ಲ, ಖಾಲಿ ಆಗಂಗೂ ಇಲ್ಲ. ಹಿಂಗ ನೂರಾರು ಮೊಬೈಲ್ ಮಧ್ಯಾಹ್ನ ಕೂಡಿದ್ವು ಅಂದ್ರ ಸಂಜಿತನಕ ಪ್ರೋಸೆಸ್ ಉಳಿಯೋದು ಹೆಂಗ?

ಕಬ್ಬಿನ ಹಂಗಾಮಿನ್ಯಾಗ ಫ್ಯಾಕ್ಟರಿ ಅಂಗಳ ಟ್ರ್ಯಾಕ್ಟರ್‌ನಿಂದ ತುಂಬಿದಾಗ ಏನು ಮಾಡತಾರ, ನಮ್ಮ ಕಡೆ ಎಲ್ಲಾರಿಗೂ ಗೊತ್ತೈತಿ. ಅಂಗಳ ದೊಡ್ಡದು ಮಾಡಕೋತ ಹೋಗಂಗಿಲ್ಲ, ಹೊಲದಾಗ ಕಟಾವು ನಿಲ್ಲಸ್ತಾರ, ಗ್ಯಾಂಗ್‌ಗೆ ಇವತ್ತು ಕೊಯ್ಯಬ್ಯಾಡ್ರಿ ಅಂತ ಹೇಳಿ ಕಳಸ್ತಾರ. ಸಾಲಿನ್ಯಾಗ ನಿಂತ ಕಬ್ಬು ಒಣಗಿ ತೂಕ ಕಳಕೋತೈತಿ, ಹೊಲದಾಗ ನಿಂತದ್ದು ಕಳಕೊಳ್ಳಂಗಿಲ್ಲ. ಬ್ಯಾಕ್‌ಪ್ರೆಷರ್ ಅಂದ್ರ ಇದ ರೀ, ತುಂಬಿದ ಸುದ್ದಿ ಹುಟ್ಟೋ ಜಾಗದ ತನಕ ಹಿಂದಕ್ಕ ಹೋಗಬೇಕು.

ಆದ್ರ ನಿಮ್ಮ ಕೆಲಸದಾಗ ರೇಟ್ ಹುಟ್ಟೋದನ್ನ ನೀವು ನಿಲ್ಲಿಸಾಕ ಬರಂಗಿಲ್ಲ, ಒಬ್ಬ ನಿಧಾನದವನ ಸಲುವಾಗಿ ಉಳಿದವರಿಗೆಲ್ಲಾ ತಡ ಮಾಡೋದೂ ಸರಿ ಅಲ್ಲ. ಇಲ್ಲಿ ಕಳಿಸೋದು ಎಂಥಾ ಮಾಲು ಅನ್ನೋದು ಮೊದಲು ಕೇಳಕೋಬೇಕು. ರೇಟ್ ಅಂದ್ರ ಈಗಿನದ್ದಕ್ಕ ಅಷ್ಟ ಬೆಲೆ, ಹತ್ತು ನಿಮಿಷದ ಹಿಂದಿನ ರೇಟ್ ವ್ಯಾಪಾರಸ್ಥನಿಗೆ ಬ್ಯಾಡ, ತಡ ಆಗಿ ಮುಟ್ಟಿದ್ರ ಉಪಯೋಗ ಇಲ್ಲ ಅಷ್ಟ ಅಲ್ಲ, ಅದನ್ನ ನೋಡಿ ಸೌದಾ ಮಾಡಿದ್ರ ನಷ್ಟನೂ ಆದೀತು. ಹಂಗಾಗಿ ಯಾವ ಮೊಬೈಲ್‌ಗೆ ರೈಟ್ ಫಾಲ್ಸ್ ಅಂದಿತೋ ಅದರ ಹೆಸರಿಗೆ ಹೊಸ ರೇಟ್ ಕೂಡಿಸೋದ ಬ್ಯಾಡ, ಇವರಿಗೆ ಬಾಕಿ ಐತಿ ಅಂತ ಒಂದು ಗುರುತು ಹಾಕ್ರಿ, ಡ್ರೇನ್ ಬಂದಾಗ ಆ ಕ್ಷಣದ ರೇಟ್ ಒಂದನ್ನ ಕಳಸ್ರಿ. ಪ್ರತಿ ಮೊಬೈಲ್‌ಗೆ ಮೆಮೊರಿ ಇಷ್ಟ ಅಂತ ಅಲ್ಲಿಗೆ ಕಟ್ಟು ಬೀಳತೈತಿ. ವೆಬ್‌ಸಾಕೆಟ್ ಇದ್ರ ಬಫರ್ಡ್‌ಅಮೌಂಟ್ ಅಂತ ಒಂದು ಲೆಕ್ಕ ಸಿಗತೈತಿ, ಅದನ್ನ ನೋಡಿ ಇದ ಕೆಲಸ ಮಾಡಬಹುದು.

ಮುಧೋಳದವರ ತೂಕದ ಚೀಟಿ ಇದ್ದಂಗ ಒಂದೂ ಬಿಡಾಕ ಬರದ ಡೇಟಾ ಇದ್ರ ಈ ಉಪಾಯ ನಡಿಯಂಗಿಲ್ಲ. ಆಗ ಕೊಡೋರ ಕಡೆಯಿಂದ ಓದೋದನ್ನ ನಿಲ್ಲಿಸ್ರಿ. ನೀವು ಓದದಿದ್ರ ನಿಮ್ಮ ಕಡೆ ಕರ್ನಲ್‌ದ ರಿಸೀವ್ ಬಫರ್ ತುಂಬತೈತಿ, ಟಿಸಿಪಿ ವಿಂಡೋ (ಇನ್ನೆಷ್ಟು ಬೈಟ್ ತಗೋಬಲ್ಲೆ ಅಂತ ಆ ಕಡೆ ಹೇಳೋ ಲೆಕ್ಕ) ಸೊನ್ನೆ ಆಗತೈತಿ, ಕೊಡೋರು ತಾವ ನಿಲ್ಲತಾರ. ನಿಲ್ಲಿಸಾಕ ಬರದಿದ್ರ ಡಿಸ್ಕ್‌ಗೆ ಬರದು ಇಡ್ರಿ, ಆಮ್ಯಾಲ ಅಲ್ಲಿಂದ ಕಳಸ್ರಿ.

ಎರಡೂ ಕಡೆ ಕೊನಿಗೆ ಒಂದು ಗಡಿ ಬೇಕ ಬೇಕು: ಇಷ್ಟು ಬೈಟ್ ಮೀರಿದ್ರ, ಇಲ್ಲಾ ಇಷ್ಟು ಸೆಕೆಂಡ್ ಒಂದ ಬೈಟೂ ಹೋಗದಿದ್ರ, ಕನೆಕ್ಷನ್ ಕಡಿಯೋದು. ರೆಡಿಸ್‌ನ್ಯಾಗ ಪಬ್‌ಸಬ್ ಕ್ಲೈಂಟ್‌ಗೆ (ಕೇಳದಿದ್ರೂ ಸುದ್ದಿ ಬಂದಂಗೆಲ್ಲಾ ಪಡಿಯೋರಿಗೆ) ಡೀಫಾಲ್ಟ್ ಹಿಂಗೈತಿ: ಬಾಕಿ 32 ಎಂಬಿ ಮೀರಿದ್ರ ಆಗಿಂದಾಗ ಕಡೀತೈತಿ, 8 ಎಂಬಿ ಮ್ಯಾಲ 60 ಸೆಕೆಂಡ್ ಹಂಗ ಉಳಿದ್ರೂ ಕಡೀತೈತಿ. ಪ್ರತಿಕೃತಿ ಸರ್ವರ್‌ಗೆ 256 ಎಂಬಿ, 64 ಎಂಬಿ. ಸಾದಾ ಕ್ಲೈಂಟ್‌ಗೆ ಗಡಿ ಇಟ್ಟಿಲ್ಲ, ಯಾಕಂದ್ರ ಅವರು ಕೇಳಿದ್ದಕ್ಕ ಅಷ್ಟ ಉತ್ತರ ಹೋಗೋದು. ಕ್ಲೈಂಟ್ ಕಡಿಯೋದು ಒರಟು ಅನಿಸಬಹುದು, ಆದ್ರ ಕಡೀಲಿಲ್ಲಂದ್ರ ಎಲ್ಲಾ ಮೊಬೈಲೂ ಒಮ್ಮೆಗೇ ಹೋಗತಾವ, ಸಂಜೀಕ ನಿಮ್ಮಲ್ಲಿ ಆಗಾಕತ್ತಿದ್ದು ಅದ. ಕಡಿದವರು ಹೊಳ್ಳಿ ಬಂದಾಗ ಈಗಿನ ರೇಟ್ ಪೂರ್ತಿ ಕೊಟ್ರ ಅವರಿಗೆ ಏನೂ ಕಳಕೊಂಡಂಗ ಆಗಂಗಿಲ್ಲ.

ಪ್ರಶ್ನೆ (ಗೋಕಾಕ): ನಾವು ಪೈಥಾನ್‌ದ ಇವೆಂಟ್ ಲೂಪ್ ಲೈಬ್ರರಿ ಅಸಿಂಕ್‌ಐಓ ಬಳಸ್ತೀವಿ. ರೈಟರ್.ರೈಟ್ ಆದ ಮ್ಯಾಲ ಅವೇಟ್ ರೈಟರ್.ಡ್ರೇನ್ ಬರೀಬೇಕು ಅಂತಾರ. ಡ್ರೇನ್ ಆತಂದ್ರ ಆ ಕಡೆ ಮುಟ್ಟಿದಂಗೇನ್ರಿ?

ಉತ್ತರ: ಇಲ್ರಿ. ಕರ್ನಲ್‌ಗೆ ಪೂರ್ತಿ ಹೋದಂಗೂ ಅಲ್ಲ. ಪೈಥಾನ್ ಒಳಗಿನ ಬಫರ್ ಮ್ಯಾಲಿನ ಗುರುತು ದಾಟಿದ್ರ ಡ್ರೇನ್ ಕಾಯಸ್ತೈತಿ, ಕೆಳಗಿನ ಗುರುತಿಗೆ ಇಳಿದಾಗ ಬಿಡತೈತಿ, ಡೀಫಾಲ್ಟ್ 64 ಕೆಬಿ ಮತ್ತ 16 ಕೆಬಿ. ಬಫರ್ ಮ್ಯಾಲಿನ ಗುರುತಿಗಿಂತ ಕೆಳಗ ಇದ್ರ ಡ್ರೇನ್ ಕಾಯೋದ ಇಲ್ಲ, ಹಂಗ ವಾಪಸ್ ಬರತೈತಿ. ಎರಡು ಗುರುತು ಯಾಕಂದ್ರ ಒಂದ ಇದ್ರ ನಿಲ್ಲು ಓಡು ನಿಲ್ಲು ಓಡು ಅಂತ ಪ್ರತಿ ಕೆಲವು ಬೈಟಿಗೂ ಆಟ ಆಗತೈತಿ. ಆ ಕಡೆಯ ಪ್ರೋಗ್ರಾಂಗೆ ಮುಟ್ಟೇತೇನು ಅಂತ ತಿಳೀಬೇಕಾದ್ರ ಆ ಪ್ರೋಗ್ರಾಂ ಹೊಳ್ಳಿ ಮುಟ್ಟಿತು ಅಂತ ಮೆಸೇಜ್ ಕಳಿಸಬೇಕು, ಬ್ಯಾರೆ ದಾರಿ ಇಲ್ಲ.

ಒಂದು ಎಚ್ಚರಿಕೆ ಹೇಳತೀನಿ. ಡ್ರೇನ್ ಕಾಯೋವಾಗ ಆ ಕ್ಲೈಂಟ್‌ನಿಂದ ಓದೋದನ್ನೂ ನಿಲ್ಲಿಸಿರತೀರಿ, ಆ ಕಡೆಯವರೂ ಹಂಗ ಬರದಿದ್ರ, ಅಂದ್ರ ತಮ್ಮದು ಪೂರ್ತಿ ಕಳಿಸೋತನಕ ಓದೋದಿಲ್ಲ ಅಂತ ಕುಂತಿದ್ರ, ಇಬ್ಬರೂ ಒಬ್ಬರನ್ನೊಬ್ಬರು ಕಾಯಕೋತ ನಿಂತು ಬಿಡತಾರ. ಕ್ಲೈಂಟ್ ಬರಿಯೋರಿಗೆ ಕಳಿಸ್ತಾ ಕಳಿಸ್ತಾ ಓದಕೋತನೂ ಇರ್ರಿ ಅಂತ ಹೇಳ್ರಿ, ಸರ್ವರ್ ಕಡೆ ಟೈಮ್‌ಔಟ್ ಇಡ್ರಿ.

ಪ್ರಶ್ನೆ (ಅಥಣಿ): ರಿಪೋರ್ಟ್ ಕಳಿಸಿ ಕನೆಕ್ಷನ್ ಮುಚ್ಚತೀವ್ರಿ. ಕೊನೀ ಸಾಲು ಕೆಲವರಿಗೆ ಮುಟ್ಟೋದ ಇಲ್ಲ. ಲಿಬ್‌ಇವೆಂಟ್ ಅನ್ನೋ ಸಿ ಲೈಬ್ರರಿ ಬಳಸೀವಿ.

ಉತ್ತರ: ಬಫರ್‌ಇವೆಂಟ್ ರೈಟ್ ಕರದು ಬೆನ್ನಿಗೇ ಬಫರ್‌ಇವೆಂಟ್ ಫ್ರೀ ಕರೆದಿರಬೇಕು. ರೈಟ್ ಬರೇ ಬಫರ್‌ಗೆ ಹಾಕತೈತಿ, ಖರೇ ಕಳಿಸೋದು ಲೂಪ್ ಮುಂದಿನ ಸಲ ತಿರುಗಿದಾಗ, ಅಷ್ಟರಾಗ ನೀವು ಬಫರ್‌ನ ಒಗದೀರಿ. ಬಫರ್ ಖಾಲಿ ಆದಾಗ ರೈಟ್ ಕಾಲ್‌ಬ್ಯಾಕ್ ಬರತೈತಿ, ಮುಚ್ಚೋದು ಬಾಕಿ ಐತಿ ಅಂತ ಒಂದು ಗುರುತು ಇಟ್ಕೊಂಡು ಆ ಕಾಲ್‌ಬ್ಯಾಕ್‌ನ್ಯಾಗ ಮುಚ್ರಿ. ಅಷ್ಟ ಸಾಲಂಗಿಲ್ಲ. ಕ್ಲೈಂಟ್ ಕಳಿಸಿದ್ದು ನೀವು ಇನ್ನೂ ಓದಿರದ ಡೇಟಾ ಸಾಕೆಟ್‌ನ್ಯಾಗ ಉಳಿದಿದ್ದಾಗ ಕ್ಲೋಸ್ ಮಾಡಿದ್ರ ಲಿನಕ್ಸ್ ರೀಸೆಟ್ (ಕನೆಕ್ಷನ್ ಆಗಿಂದಾಗ ಕಡೀತು ಅನ್ನೋ ಪ್ಯಾಕೆಟ್) ಕಳಸ್ತೈತಿ, ಆ ರೀಸೆಟ್ ಮುಟ್ಟಿದಾಗ ಆ ಕಡೆ ಬಂದಿದ್ದ ಕೊನೀ ಸಾಲೂ ಹೋಗಬಹುದು. ಅದಕ್ಕ ಮೊದಲು ಬರಿಯೋ ಅರ್ಧ ಅಷ್ಟ ಶಟ್‌ಡೌನ್ ಮಾಡ್ರಿ, ಆ ಕಡೆಯವ್ರು ಮುಚ್ಚೋತನಕ ಬಂದದ್ದನ್ನ ಓದಿ ಒಗೀರಿ, ಆಮ್ಯಾಲ ಕ್ಲೋಸ್. ಇಲ್ಲೂ ಟೈಮ್‌ಔಟ್ ಬೇಕು. ಆ ಕಡೆಯವ್ರು ಮೊದಲ ಹೋಗಿ ಬಿಟ್ಟಿದ್ರ ರೈಟ್ ಮಾಡಿದಾಗ ಸಿಗ್‌ಪೈಪ್ ಸಿಗ್ನಲ್ ಬಂದು ಇಡೀ ಪ್ರೋಗ್ರಾಂ ಸಾಯತೈತಿ, ಅದನ್ನ ಶುರುವಿನ್ಯಾಗ ಇಗ್ನೋರ್ ಮಾಡಿ ಎರರ್ ಕೋಡ್ ನೋಡ್ರಿ.

ಪ್ರಶ್ನೆ (ಬಾದಾಮಿ): ಸಣ್ಣ ಸಣ್ಣ ಉತ್ತರ ಅದಾವ, ನೂರಿನ್ನೂರು ಬೈಟ್. ನೆಟ್‌ವರ್ಕೂ ಚಲೋ ಐತಿ. ಆದ್ರೂ ಒಂದೊಂದಕ್ಕ 40 ಮಿಲಿಸೆಕೆಂಡ್ ಹಿಡೀತೈತಿ. ಹೆಡರ್ ಒಮ್ಮೆ, ಉಳಿದದ್ದು ಒಮ್ಮೆ, ಹಿಂಗ ಎರಡು ರೈಟ್ ಮಾಡತೀವಿ.

ಉತ್ತರ: ಆ 40 ನೋಡಿದ್ರ ರೋಗ ಗೊತ್ತಾಗತೈತಿ. ಜಾನ್ ನೇಗಲ್ 1984ರಾಗ ಬರದ ಉಪಾಯ ಟಿಸಿಪಿದಾಗ ಐತಿ: ಮೊದಲು ಕಳಿಸಿದ್ದಕ್ಕ ಪೋಚ್ (ಮುಟ್ಟಿತು ಅನ್ನೋ ಟಿಸಿಪಿ ಗುರುತು, ಎಸಿಕೆ) ಬರೋತನಕ ಸಣ್ಣ ಪ್ಯಾಕೆಟ್ ಮತ್ತೊಂದು ಬಿಡಬ್ಯಾಡ ಅಂತ. ಆ ಕಡೆ ಲಿನಕ್ಸ್ ಪೋಚ್ ಕೊಡೋದನ್ನ 40 ಮಿಲಿಸೆಕೆಂಡ್‌ನಷ್ಟು ತಡೀತೈತಿ, ಉತ್ತರದ ಜೊತಿಗೇ ಕಳಿಸೋಣ ಅಂತ. ನಿಮ್ಮ ಹೆಡರ್ ಹೋತು, ಉಳಿದದ್ದು ಪೋಚ್ ಕಾಯಕೋತ ಕುಂತಿತು. ಟಿಸಿಪಿ ನೋಡಿಲೇ (TCP_NODELAY, ನೇಗಲ್ ಉಪಾಯ ಬಂದ್ ಮಾಡೋ ಆಯ್ಕೆ) ಹಾಕಿದ್ರ ಹೋಗತೈತಿ, ಆದ್ರ ಅದಕ್ಕಿಂತ ಮೊದಲು ಎರಡನ್ನೂ ಒಂದ ಬಫರ್‌ಗೆ ಹಾಕಿ ಒಂದ ರೈಟ್ ಮಾಡ್ರಿ, ಇಲ್ಲಾ ಹಲವು ಬಫರ್ ಒಮ್ಮೆಗೇ ಬರಿಯೋ ರೈಟ್‌ವಿ ಬಳಸ್ರಿ. ಇವೆಂಟ್ ಲೂಪ್ ಇದ್ದವರಿಗೆ ಇದು ಭಾಳ ಸರಳ, ಲೂಪ್‌ದ ಒಂದು ಸುತ್ತಿನ್ಯಾಗ ಹುಟ್ಟಿದ್ದೆಲ್ಲಾ ಬಫರ್‌ನ್ಯಾಗ ಕೂಡಿಸಿ ಸುತ್ತಿನ ಕೊನಿಗೆ ಒಮ್ಮೆ ಬರದ್ರ ಸಿಸ್ಟಂ ಕಾಲೂ ಕಡಿಮಿ, ಪ್ಯಾಕೆಟೂ ಕಡಿಮಿ. ನೋಡಿಲೇನೂ ಹಾಕ್ರಿ, ಎರಡೂ ಇರ್ಲಿ.

ಪ್ರಶ್ನೆ (ಇಳಕಲ್): ಸೀರಿ ಅಂಗಡಿದ ಸ್ಟಾಕ್ ಸರ್ವರ್ ಐತಿ. ಟರ್ಮಿನಲ್‌ನ್ಯಾಗ ಓಡಿಸಿದ್ರ ಲಾಗ್ ಸಾಲು ಸಾಲಾಗಿ ಬರತೈತಿ, ಪೈಪ್ ಹಾಕಿ ಇನ್ನೊಂದು ಪ್ರೋಗ್ರಾಂಗೆ ಕೊಟ್ರ ಭಾಳ ಹೊತ್ತು ಏನೂ ಇಲ್ಲ, ಆಮ್ಯಾಲ ಒಮ್ಮೆಗೇ ಬರತೈತಿ.

ಉತ್ತರ: ಟರ್ಮಿನಲ್ ಇದ್ರ ಸಾಲು ಮುಗಿದ ಕೂಡ್ಲೇ ಬರೀತೈತಿ, ಪೈಪ್ ಇದ್ರ ಲೈಬ್ರರಿ ತನ್ನ ಬಫರ್ ತುಂಬೋತನಕ ಹಿಡಕೋತೈತಿ. ಸಿ ಇದ್ರ ಫ್ಲಶ್ ಮಾಡ್ರಿ, ಇಲ್ಲಾ ಸೆಟ್‌ವಿಬಫ್‌ನಿಂದ ಸಾಲಿನ ಬಫರ್ ಮಾಡ್ರಿ, ಪೈಥಾನ್ ಇದ್ರ ಪ್ರಿಂಟ್‌ನ್ಯಾಗ ಫ್ಲಶ್ ಟ್ರೂ ಅನ್ರಿ. ನನಗ ಕಾಳಜಿ ಇರೋದು ಇನ್ನೊಂದರ ಬಗ್ಗೆ. ಲಿನಕ್ಸ್ ಪೈಪ್ ಹಿಡಿಯೋದು ಸಾಮಾನ್ಯವಾಗಿ 65,536 ಬೈಟ್. ಲಾಗ್ ಓದೋ ಪ್ರೋಗ್ರಾಂ ಸಿಕ್ಕೊಂಡಿತು ಅಂದ್ರ ಪೈಪ್ ತುಂಬತೈತಿ, ಮುಂದಿನ ಪ್ರಿಂಟ್ ಅಲ್ಲೇ ನಿಲ್ಲತೈತಿ, ಅದರ ಜೊತಿಗೆ ನಿಮ್ಮ ಇವೆಂಟ್ ಲೂಪ್ ಪೂರ್ತಿ ನಿಲ್ಲತೈತಿ, ಕೌಂಟರ್‌ನ್ಯಾಗ ಬಿಲ್ ಮಾಡೋರು ಯಾರಿಗೂ ಉತ್ತರ ಇಲ್ಲ. ಹಂಗಂತ ಸ್ಟ್ಯಾಂಡರ್ಡ್ ಔಟ್‌ಪುಟ್‌ನ ನಾನ್‌ಬ್ಲಾಕಿಂಗ್ ಮಾಡಬ್ಯಾಡ್ರಿ, ಆ ಗುರುತು ಅದ ಪೈಪ್ ಹಂಚಿಕೊಂಡ ಬ್ಯಾರೆ ಪ್ರೋಸೆಸ್‌ಗೂ ಹತ್ತತೈತಿ, ಮತ್ತ ಪ್ರಿಂಟ್‌ಎಫ್ ಅಂಥವು ಇ-ಅಗೇನ್ ಬಂದ್ರ ಡೇಟಾ ಕಳೀತಾವ. ಲಾಗ್‌ಗೆ ಒಂದು ಬ್ಯಾರೆ ಥ್ರೆಡ್ ಇಡ್ರಿ, ನಡುವ ಮಿತಿ ಇರೋ ಕ್ಯೂ ಇಡ್ರಿ, ಕ್ಯೂ ತುಂಬಿದ್ರ ಲಾಗ್ ಸಾಲು ಬಿಡ್ರಿ, ಎಷ್ಟು ಬಿಟ್ಟೀರಿ ಅಂತ ಎಣಿಸಿ ಆಮ್ಯಾಲ ಒಂದು ಸಾಲು ಬರೀರಿ. ಲಾಗ್ ಹೋದ್ರ ನಡೀತೈತಿ, ಬಿಲ್ ನಿಲ್ಲಬಾರ್ದು.

ಪ್ರಶ್ನೆ (ಬೆಳಗಾವಿ): ಹಳೇ ಪಾಠದಾಗ ಸೆಲೆಕ್ಟ್ ಐತಿ, ಈಗ ಎಲ್ಲಾರೂ ಇಪೋಲ್ ಅಂತಾರ. ಸೆಲೆಕ್ಟ್ ಓದೋದು ವ್ಯರ್ಥ ಏನ್ರಿ?

ಉತ್ತರ: ವ್ಯರ್ಥ ಅಲ್ಲ. ಸೆಲೆಕ್ಟ್ 1983ರ 4.2ಬಿಎಸ್‌ಡಿದಾಗ ಬಂತು, ಫ್ರೀಬಿಎಸ್‌ಡಿಗೆ ಇದ ಕೆಲಸದ ಕೆಕ್ಯೂ (kqueue) 2000ದಾಗ, ಲಿನಕ್ಸ್‌ಗೆ ಇಪೋಲ್ 2002ರಾಗ. ಸೆಲೆಕ್ಟ್‌ಗೆ ಲಿನಕ್ಸ್‌ನ್ಯಾಗ ಸಾಕೆಟ್‌ದ ನಂಬರ್ (ಫೈಲ್ ಡಿಸ್ಕ್ರಿಪ್ಟರ್) 1024ರ ಒಳಗ ಇರಬೇಕು ಅನ್ನೋ ಮಿತಿ ಐತಿ, ದೊಡ್ಡ ಸರ್ವರ್‌ಗೆ ಬರಂಗಿಲ್ಲ. ಆದ್ರ ಉಳಿದದ್ದು ಜ್ವಾಕಿ ಮಾಡು, ಬಾಕಿ ಇದ್ದಾಗ ಅಷ್ಟ ಕೇಳು, ಸರತಿ ತಪ್ಪಿಸಬ್ಯಾಡ ಅನ್ನೋದು ಮೂರಕ್ಕೂ ಒಂದ. ಸೆಲೆಕ್ಟ್ ಹಾಕಿ ಒಮ್ಮೆ ಕೈಯಾರೆ ಬರದವ್ರಿಗೆ ಉಳಿದವು ತ್ರಾಸಿಲ್ಲದ ತಿಳೀತಾವ.

ಪ್ರಶ್ನೆ (ಸಿಂದಗಿ): ಫೈಲ್‌ಗೆ ಬರಿಯೋದನ್ನೂ ಇಪೋಲ್‌ಗೆ ಹಾಕಬೇಕಂತ ನೋಡ್ದೆ, ಎರರ್ ಬರ್ತದ. ಏನ್ ಮಾಡ್ಬೇಕ್ರಿ?

ಉತ್ತರ: ಸಾದಾ ಫೈಲ್‌ನ ಇಪೋಲ್ ತಗೊಳ್ಳಂಗಿಲ್ರಿ, ಇಪರ್ಮ್ ಅಂತ ಎರರ್ ಕೊಡತೈತಿ. ಸೆಲೆಕ್ಟ್ ತಗೋತೈತಿ, ಆದ್ರ ಯಾವಾಗ್ಲೂ ತಯಾರ ಅಂತನ ಹೇಳತೈತಿ, ಡಿಸ್ಕ್ ನಿಧಾನ ಇದ್ರ ರೈಟ್ ಒಳಗ ನಿಮ್ಮ ಲೂಪ್ ನಿಲ್ಲತೈತಿ. ಅದಕ್ಕ ಫೈಲ್ ಕೆಲಸ ಥ್ರೆಡ್ ಪೂಲ್‌ಗೆ ಕೊಡಬೇಕು. ನೋಡ್ ಕೆಳಗಿರೋ ಲಿಬ್‌ಯುವಿ ಹಿಂಗ ಮಾಡತೈತಿ, ಡೀಫಾಲ್ಟ್ 4 ಥ್ರೆಡ್, ಬೇಕಾದ್ರ ಹೆಚ್ಚಿಸಬಹುದು. 2019ರಾಗ ಲಿನಕ್ಸ್ 5.1 ಜೊತಿಗೆ ಬಂದ ಐಓ-ಯುರಿಂಗ್ ಬಳಸಿದ್ರ ಫೈಲೂ ಸಾಕೆಟೂ ಒಂದ ದಾರ್‍ಯಾಗ ಬರತಾವ. ಥ್ರೆಡ್ ಪೂಲ್ ಇಟ್ಟಾಗ ಒಂದು ಫೈಲ್‌ಗೆ ಒಂದ ಹೊತ್ತಿಗೆ ಒಂದ ರೈಟ್ ಕೊಡ್ರಿ, ಮುಗಿದ ಮ್ಯಾಲ ಮುಂದಿಂದು, ಇಲ್ಲಾಂದ್ರ ಎರಡು ಥ್ರೆಡ್ ಹಿಂದ ಮುಂದ ಬರದು ಸಾಲು ಅದಲು ಬದಲು ಆಗತಾವ. ಮತ್ತ ರೈಟ್ ಸರಿ ಆತು ಅಂದ್ರೂ ಡೇಟಾ ಇನ್ನೂ ಕರ್ನಲ್‌ದ ಪೇಜ್ ಕ್ಯಾಶ್‌ನ್ಯಾಗ ಇರತೈತಿ, ಆ ಹೊತ್ತಿಗೆ ಕರೆಂಟ್ ಹೋದ್ರ ಹೋತು. ರಸೀದಿ ಲೆಕ್ಕದಂಥಾ ಫೈಲ್ ಇದ್ರ ಎಫ್‌ಸಿಂಕ್ (ಡೇಟಾನ ಖರೇ ಡಿಸ್ಕ್‌ಗೆ ಬರಸೋ ಕರೆ) ಮುಗಿದ ಮ್ಯಾಲನ ಕ್ಲೈಂಟ್‌ಗೆ ಆತು ಅಂತ ಉತ್ತರ ಕಳಸ್ರಿ.